ಮೂಳೆ ನೋಯುವುದೇಕೆ? ಸಂಧಿವಾತದವರ ಕಾರಣ ತಿಳಿಯದ ನೋವು

ನೋವನ್ನು ಅಳೆಯಲು ಯಾವ ಸಾಧನವೂ ಇಲ್ಲ. ಜ್ವರಕ್ಕೆ ಉಷ್ಣಮಾಪಕವುಂಟು, ರಕ್ತದ ಒತ್ತಡಕ್ಕೆ ಒತ್ತಡಮಾಪಕವುಂಟು. ನೋವನ್ನು ಮಾತ್ರ ಅನುಭವಿಸುವವರು ಹೇಳಬೇಕು, ಕೇಳುವವರು ನಂಬಬೇಕು. ಈ ನಂಬಿಕೆ ತಪ್ಪಿದಲ್ಲಿ ರೋಗಿಗೆ ಎರಡು ಸಂಕಟಗಳು ಒದಗುತ್ತವೆ. ಒಂದು ನೋವಿನದು, ಇನ್ನೊಂದು ‘ಇವಳಿಗೆ ಏನೂ ಆಗಿಲ್ಲ’ ಎಂಬ ಮಾತಿನದು.

ಹಾನಗಲ್ಲ ತಾಲೂಕಿನ ಯಾವುದಾದರೊಂದು ಹಳ್ಳಿಯ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ನಲವತ್ತರ ಆಸುಪಾಸು. ಭತ್ತದ ಗದ್ದೆಯ ನಾಟಿಗೆ ಬಗ್ಗುವವಳು, ಮುಂಜಾನೆ ಎದ್ದು ಹತ್ತು ಹನ್ನೆರಡು ಜೋಳದ ರೊಟ್ಟಿ ಬಡಿಯುವವಳು. ಒಂದು ದಿನ ಬೆರಳ ಗಿಣ್ಣುಗಳು ಬಾತು, ಹಿಟ್ಟು ನಾದುವುದೇ ಕಷ್ಟವಾಗುತ್ತದೆ. ವೈದ್ಯರು ಪರೀಕ್ಷಿಸಿ ‘ರುಮಟಾಯ್ಡ್ ಸಂಧಿವಾತ’ ಎಂದು ಹೇಳಿ ಔಷಧ ಕೊಡುತ್ತಾರೆ. ಕೆಲವು ತಿಂಗಳಲ್ಲಿ ಬಾವು ಇಳಿಯುತ್ತದೆ, ರಕ್ತಪರೀಕ್ಷೆಯೂ ಸಮಾಧಾನಕರವಾಗಿರುತ್ತದೆ. ಆದರೂ ರಾತ್ರಿ ಮೊಣಕಾಲ ಕೆಳಗಿನ ನಳಿಗೆ ಮೂಳೆ ಒಳಗೊಳಗೇ ನೋಯುತ್ತದೆ. ಸೊಂಟದಲ್ಲಿ, ಪಕ್ಕೆಲುಬಿನಲ್ಲಿ ಮಂದವಾದ ಹಿಂಸೆ. ‘ಕೀಲಲ್ಲವ್ವಾ, ಎಲುವs ನೋಯ್ತಾವ’ ಎಂದು ಅವಳು ತನ್ನ ತಾಯಿಯೊಡನೆ ಹೇಳಿಕೊಳ್ಳುತ್ತಾಳೆ. ಮನೆಯವರು ನೋಡಿದರೆ ಬಾವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಹಾಗಾದರೆ ಈ ನೋವು ಎಲ್ಲಿಯದು?

ಶಿಗ್ಗಾಂವಿ, ಸವಣೂರು, ಹಿರೇಕೆರೂರಗಳಲ್ಲಿಯೂ, ನಾಡಿನ ಬೇರೆ ಯಾವ ಊರಿನಲ್ಲಿಯೂ ಇಂಥ ಪ್ರಶ್ನೆ ಕೇಳುವ ಮನೆಗಳುಂಟು. ಪ್ರಪಂಚದ ಲೆಕ್ಕದಲ್ಲಿ ಈ ರೋಗವು ನೂರು ಮಂದಿ ವಯಸ್ಕರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ, ಅಥವಾ ಅದಕ್ಕೂ ಸ್ವಲ್ಪ ಕಡಿಮೆ ಮಂದಿಗೆ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಅದು ಎರಡು ಮೂರು ಪಟ್ಟು ಹೆಚ್ಚು. ಆದುದರಿಂದ ನಮ್ಮ ವಿದ್ಯಾರ್ಥಿ ವಾಚಕರಲ್ಲಿ ಹಲವರಿಗೆ ತಾಯಿಯೋ ಅತ್ತೆಯೋ ಅಜ್ಜಿಯೋ ಇಂಥವರಿರಬಹುದು. ಅವರ ಪ್ರಶ್ನೆಗೆ ವಿಜ್ಞಾನವು ಕೊಡಬಲ್ಲ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಕೀಲಿನ ಒಳಗೆ

ಎರಡು ಮೂಳೆಗಳು ಕೂಡುವ ಸ್ಥಳವೇ ಕೀಲು. ಎತ್ತಿನ ಗಾಡಿಯ ಅಚ್ಚು ಗಾಲಿಯ ಗುಂಬದಲ್ಲಿ ಸರಾಗವಾಗಿ ತಿರುಗಬೇಕಾದರೆ ಕೀಲೆಣ್ಣೆ ಬೇಕು. ನಮ್ಮ ಕೀಲಿಗೂ ಹಾಗೆಯೇ ಒಂದು ಜಿಗುಟಾದ ರಸವುಂಟು. ಅದನ್ನು ಸ್ರವಿಸುವುದು ಕೀಲನ್ನು ಒಳಗಿನಿಂದ ಹೊದ್ದಿರುವ ತೆಳುವಾದ ಪೊರೆ. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ.

ರೋಗಾಣುಗಳನ್ನು ಎದುರಿಸಲು ನಮ್ಮ ರಕ್ತದಲ್ಲಿ ಕಾವಲುಪಡೆಯೊಂದಿದೆ. ರುಮಟಾಯ್ಡ್ ಸಂಧಿವಾತದಲ್ಲಿ ಈ ಪಡೆಯು ಕಳ್ಳನನ್ನು ಬಿಟ್ಟು ಮನೆಯವರ ಮೇಲೆಯೇ ಬೀಳುತ್ತದೆ. ಕೀಲಿನ ಪೊರೆ ಅದರ ಮೊದಲ ಗುರಿ. ಪೊರೆ ದಪ್ಪವಾಗಿ ಬಾತುಕೊಳ್ಳುತ್ತದೆ, ರಸ ಅತಿಯಾಗಿ ತುಂಬುತ್ತದೆ, ಕೀಲು ಬಿಸಿಯಾಗುತ್ತದೆ. ಬೆಳಗಿನ ಹೊತ್ತು ಕೈಕಾಲುಗಳು ಅರ್ಧ ಗಂಟೆಯೋ ಒಂದು ಗಂಟೆಯೋ ಅದಕ್ಕಿಂತ ಹೆಚ್ಚೋ ಬಿಗಿದುಕೊಂಡಿರುವುದು ಈ ರೋಗದ ವಿಶೇಷ ಲಕ್ಷಣ. ಓಡಾಡಿದ ಮೇಲೆ ಬಿಗಿತ ಸಡಿಲವಾಗುತ್ತದೆ. ಮುದಿತನದ ಸವೆತದಿಂದ ಬರುವ ಕೀಲುನೋವಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ಅದು ದುಡಿದಷ್ಟೂ ಹೆಚ್ಚುತ್ತದೆ.

ಈ ರೋಗವು ನಮ್ಮವರಿಗೆ ಹೊಸದೇನೂ ಅಲ್ಲ. ರೋಗಲಕ್ಷಣಗಳನ್ನು ವಿವರಿಸುವ ಆಯುರ್ವೇದದ ‘ಮಾಧವನಿದಾನ’ ಗ್ರಂಥವು ‘ಆಮವಾತ’ ಎಂಬ ರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದರ ಹಲವು ಲಕ್ಷಣಗಳು ಇದನ್ನು ಹೋಲುತ್ತವೆ. ರುಮಟಾಯ್ಡ್ ಸಂಧಿವಾತವೆಂಬ ಈಗಿನ ಹೆಸರನ್ನು ಇಟ್ಟವನು ಆಂಗ್ಲ ವೈದ್ಯ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಮೃದ್ವಸ್ಥಿಯಲ್ಲಿ ನರತಂತುಗಳಿಲ್ಲ, ಆದ್ದರಿಂದ ಅದಕ್ಕೆ ನೋವೂ ಇಲ್ಲ. ನೋಯುವುದು ಅದರ ಸುತ್ತಲಿನ ಪೊರೆ, ಕಟ್ಟುನಾರುಗಳು ಮತ್ತು ಅದರ ಕೆಳಗಿರುವ ಮೂಳೆ. ‘ಎಲುವೇ ನೋಯುತ್ತದೆ’ ಎಂಬ ಆ ಗೃಹಿಣಿಯ ಮಾತು ಶಾರೀರಶಾಸ್ತ್ರಕ್ಕೆ ವಿರುದ್ಧವಾದ ಮಾತಲ್ಲ.

ಮೂಳೆ ಜಡವಸ್ತುವಲ್ಲ

ಹೊಲದ ಬದುವಿನಲ್ಲಿ ಬಿದ್ದ ಒಣ ಎಲುಬನ್ನು ಕಂಡು ನಾವು ಮೂಳೆಯೆಂದರೆ ಕಲ್ಲಿನಂಥದೆಂದು ಭಾವಿಸುತ್ತೇವೆ. ಜೀವಂತ ಮೂಳೆಯ ಸ್ಥಿತಿಯೇ ಬೇರೆ. ಅದರ ಮೇಲೆ ನರಗಳಿಂದ ತುಂಬಿದ ಒಂದು ಹೊದಿಕೆಯುಂಟು. ಮೊಣಕಾಲ ಕೆಳಗಿನ ಮೂಳೆಗೆ ಮಂಚದ ಅಂಚು ತಗುಲಿದಾಗ ಕಣ್ಣಲ್ಲಿ ನೀರು ಬರುವುದು ಈ ಹೊದಿಕೆಯ ಪ್ರಭಾವದಿಂದ. ಮೂಳೆಯ ಒಳಗಿನ ಮಜ್ಜೆಯಲ್ಲಿಯೂ ರಕ್ತನಾಳಗಳೊಡನೆ ನರತಂತುಗಳು ಹರಡಿಕೊಂಡಿವೆ.

ಪ್ರಾಯದ ಮನುಷ್ಯನ ದೇಹದಲ್ಲಿ ಮೂಳೆಗಳು 206. ಇವು ಸದಾ ಹಳತು ಕಳೆದು ಹೊಸತಾಗುತ್ತಿರುತ್ತವೆ. ಇದಕ್ಕಾಗಿ ಎರಡು ಬಗೆಯ ಜೀವಕೋಶಗಳು ದುಡಿಯುತ್ತವೆ. ಒಂದು ಬಗೆಯವು ಹಳೆಯ ಮೂಳೆಯನ್ನು ಅಗೆದು ಕರಗಿಸುತ್ತವೆ; ಇವನ್ನು ಅಸ್ಥಿಭಕ್ಷಕ ಕೋಶಗಳೆನ್ನೋಣ. ಇನ್ನೊಂದು ಬಗೆಯವು ಆ ಗುಂಡಿಯನ್ನು ಹೊಸ ಮೂಳೆಯಿಂದ ತುಂಬುತ್ತವೆ. ಇವು ಅಸ್ಥಿನಿರ್ಮಾಪಕ ಕೋಶಗಳು. ಅಗೆಯುವ ಕೆಲಸಕ್ಕೆ ಕೆಲವು ವಾರಗಳು ಸಾಕು. ತುಂಬುವುದಕ್ಕೆ ಕೆಲವು ತಿಂಗಳುಗಳು ಬೇಕು. ವರ್ಷವೊಂದಕ್ಕೆ ನಮ್ಮ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಪಾಲು ಹೀಗೆ ನವೀಕರಣಗೊಳ್ಳುತ್ತದೆ. ಕೆಡಹುವವರೂ ಕಟ್ಟುವವರೂ ಸಮನಾಗಿ ದುಡಿಯುವವರೆಗೆ ಮನೆ ಭದ್ರ.

ಸಂಧಿವಾತದಲ್ಲಿ ಈ ಸಮತೋಲ ತಪ್ಪುತ್ತದೆ. ಉರಿಯೂತದಿಂದ ಹುಟ್ಟಿದ ರಾಸಾಯನಿಕ ಸಂದೇಶಗಳು ಕೆಡಹುವ ಕೋಶಗಳನ್ನು ಪ್ರಚೋದಿಸುತ್ತವೆ. ಕೀಲಿನ ಅಂಚಿನ ಮೂಳೆಯಲ್ಲಿ ಇಲಿ ಕಡಿದಂತೆ ಸಣ್ಣ ಗುಳಿಗಳು ಬೀಳುತ್ತವೆ. ರೋಗ ಮೊದಲಾದ ಒಂದೆರಡು ವರ್ಷಗಳಲ್ಲಿಯೇ ಇವು ಕ್ಷ-ಕಿರಣದ ಚಿತ್ರದಲ್ಲಿ ಕಾಣತೊಡಗುವುದುಂಟು. ಆದಕಾರಣವೇ ಔಷಧವನ್ನು ಬೇಗ ಆರಂಭಿಸಬೇಕೆಂದು ವೈದ್ಯರು ಒತ್ತಾಯಿಸುತ್ತಾರೆ.

ಬಾವಿಲ್ಲದ ನೋವು

ಕಾಣುವ ಬಾವು ಇಲ್ಲದೆಯೂ ಮೂಳೆ ನೋಯುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಮೂಳೆಯ ಒಳಗಿನ ಉರಿಯೂತ. ಕಾಂತೀಯ ಅನುರಣನ ಚಿತ್ರಣವೆಂಬ, ಜನರು ಎಂ.ಆರ್.ಐ. ಎನ್ನುವ ಪರೀಕ್ಷೆ ಬಂದ ಮೇಲೆ, ಕ್ಷ-ಕಿರಣಕ್ಕೆ ಕಾಣದ ಒಂದು ಸಂಗತಿ ಬೆಳಕಿಗೆ ಬಂತು. ಹಲವು ರೋಗಿಗಳಲ್ಲಿ ಕೀಲಿನ ಪಕ್ಕದ ಮಜ್ಜೆಯಲ್ಲಿಯೇ ಉರಿಯೂತದ ನೀರು ನೆನೆದಿರುತ್ತದೆ. ಗಟ್ಟಿಯಾದ ಮೂಳೆಯ ಗೋಡೆಯೊಳಗೆ ಅದು ಹೊರಗೆ ಉಬ್ಬಲಾರದು. ಹೊರಗೆ ಬಾವಿಲ್ಲ, ಒಳಗೆ ಹಿಂಸೆಯುಂಟು.

ಎರಡನೆಯದು ಇನ್ನೂ ಸಂಶೋಧನೆಯಲ್ಲಿರುವ ವಿಷಯ. ಈ ರೋಗಿಗಳಲ್ಲಿ ಹಲವರ ರಕ್ತದಲ್ಲಿ ಸ್ವಂತ ದೇಹದ ಪ್ರೋಟೀನುಗಳನ್ನೇ ಹಿಡಿಯುವ ಪ್ರತಿಕಾಯಗಳಿರುತ್ತವೆ. ಕೀಲು ಬಾಯುವುದಕ್ಕೆ ಎಷ್ಟೋ ಮುಂಚೆಯೇ ಅವು ಕಾಣಿಸಿಕೊಳ್ಳುವುದುಂಟು. ಆಗಲೇ ಕೆಲವರಿಗೆ ಮೈಕೈ ನೋವೂ ಇರುತ್ತದೆ. ಇಂಥ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಕೀಲು ಬಾಯದೆಯೇ ಅವು ನೋವಿನ ಚಿಹ್ನೆಗಳನ್ನು ತೋರಿಸಿದುವೆಂದು ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಪ್ರತಿಕಾಯಗಳು ಅಸ್ಥಿಭಕ್ಷಕ ಕೋಶಗಳಿಗೆ ಅಂಟಿಕೊಂಡು, ನರತಂತುಗಳನ್ನು ಕೆರಳಿಸುವ ವಸ್ತುವನ್ನು ಅವುಗಳಿಂದ ಹೊರಡಿಸುತ್ತವೆಯೆಂಬುದು ಅವರ ವಿವರಣೆ. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ನಿಜವೆಂಬುದು ಇನ್ನೂ ಇತ್ಯರ್ಥವಾಗಬೇಕು.

ಪವಾಡದ ಔಷಧ ಮತ್ತು ಅದರ ಬೆಲೆ

ಮೂರನೆಯ ಕಾರಣವನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. ಅಮೆರಿಕದ ಮೇಯೊ ಆಸ್ಪತ್ರೆಯ ವೈದ್ಯ ಫಿಲಿಪ್ ಹೆಂಚ್, ಕಾಮಾಲೆಯಾದಾಗ ಕೆಲವು ಸಂಧಿವಾತ ರೋಗಿಗಳ ನೋವು ತಾನಾಗಿ ಇಳಿಯುವುದನ್ನು 1929ರಲ್ಲಿಯೇ ಗಮನಿಸಿದ್ದನು. ದೇಹವೇ ಯಾವುದೋ ಶಮನಕಾರಿ ವಸ್ತುವನ್ನು ತಯಾರಿಸುತ್ತಿರಬೇಕೆಂದು ಅವನ ಊಹೆ. 1948ರಲ್ಲಿ ಅವನು ಅಡ್ರಿನಲ್ ಗ್ರಂಥಿಯ ಸ್ರಾವವಾದ ಕಾರ್ಟಿಸೋನನ್ನು ಹಾಸಿಗೆ ಹಿಡಿದ ತರುಣಿಯೊಬ್ಬಳಿಗೆ ಚುಚ್ಚಿದನು. ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ರೈಖ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಪವಾಡದ ಬೆಲೆ ಆಮೇಲೆ ತಿಳಿಯಿತು. ಸ್ಟಿರಾಯ್ಡುಗಳೆಂದು ಕರೆಯುವ ಈ ವರ್ಗದ ಔಷಧಗಳನ್ನು ತಿಂಗಳುಗಟ್ಟಲೆ ಸೇವಿಸಿದರೆ ಮೂಳೆ ಕಟ್ಟುವ ಕೋಶಗಳು ಸೋಲುತ್ತವೆ. ಮೂಳೆ ಹೊರಗಿನಿಂದ ಮೊದಲಿನಂತೆಯೇ ಕಂಡರೂ ಒಳಗೆ ಜಾಳುಜಾಳಾಗುತ್ತದೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಆಫ್ರಿಕ ಮೂಲದ ಮೂರು ಭಾರಿ ಮರಗಳನ್ನು ನಮ್ಮ ವಾಚಕರಲ್ಲಿ ಕೆಲವರು ನೋಡಿರಬಹುದು. ಎಷ್ಟೋ ಜನ ಕೈಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪನೆಯ ಕಾಂಡ. ಆದರೂ 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಹಿತ ಉರುಳಿತು. ಅದನ್ನು ಮತ್ತೆ ನೆಟ್ಟು ಉಳಿಸುವ ಪ್ರಯತ್ನ ನಡೆಯಿತು. ಹೊರಗಿನ ಗಾತ್ರವನ್ನು ನೋಡಿ ಒಳಗಿನ ಬಲವನ್ನು ಹೇಳಲಾಗದು. ಮೂಳೆಗೂ ಇದೇ ಮಾತು ಸಲ್ಲುತ್ತದೆ. ಜಾಳಾದ ಮೂಳೆ ತನ್ನಷ್ಟಕ್ಕೆ ನೋಯುವುದಿಲ್ಲ. ಕೊಡ ಎತ್ತಿದಾಗ ಬೆನ್ನೆಲುಬಿನ ಮಣಿಯೊಂದು ಕುಸಿದರೆ, ಅಥವಾ ಬರಿಯ ನಡಿಗೆಯಿಂದಲೇ ಪಾದದ ಇಲ್ಲವೆ ನಳಿಗೆಯ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ, ಆಗ ತೀಕ್ಷ್ಣವಾದ ನೋವು ಹುಟ್ಟುತ್ತದೆ. ಇಂಥ ಬಿರುಕು ಮೊದಲ ಕ್ಷ-ಕಿರಣ ಚಿತ್ರದಲ್ಲಿ ಕಾಣದಿರುವುದು ಸಾಮಾನ್ಯ.

ಸ್ಟಿರಾಯ್ಡುಗಳಿಂದ ಇನ್ನೊಂದು ಅಪಾಯವುಂಟು. ತೊಡೆಮೂಳೆಯ ಗುಂಡುತಲೆಗೆ ರಕ್ತದ ಪೂರೈಕೆ ನಿಂತು ಆ ಭಾಗದ ಮೂಳೆ ಸಾಯಬಹುದು. ತೊಡೆಯ ಸಂದಿನಲ್ಲಿ ಆಳವಾದ ನೋವು, ಕೆಲವೊಮ್ಮೆ ಮೊಣಕಾಲಿನಲ್ಲಿಯೇ ನೋವು, ಇದರ ಸೂಚನೆ. ಮೊಣಕಾಲನ್ನು ಎಷ್ಟು ಪರೀಕ್ಷಿಸಿದರೂ ಅಲ್ಲಿ ಏನೂ ಸಿಕ್ಕದು. ದೋಷ ಮೇಲಿನ ಕೀಲಿನಲ್ಲಿರುತ್ತದೆ.

ಇಷ್ಟನ್ನು ಓದಿ ಯಾರೂ ವೈದ್ಯರು ಕೊಟ್ಟ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಬಾರದು. ಬಹುಕಾಲ ಹೊರಗಿನಿಂದ ಅದು ದೊರೆತಾಗ ದೇಹದ ಸ್ವಂತ ಗ್ರಂಥಿ ನಿದ್ರಿಸಿರುತ್ತದೆ. ಹಠಾತ್ತಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುವುದು ವೈದ್ಯರ ಕೆಲಸ. ಹೆಸರಿಲ್ಲದ ಪುಡಿ ಗುಳಿಗೆಗಳ ವಿಷಯ ಇನ್ನೂ ಗಂಭೀರವಾದುದು. ಸಂತೆಯಲ್ಲಿಯೋ ಪ್ರವಾಸಿ ಮಾರಾಟಗಾರರಿಂದಲೋ ಕೊಂಡ ‘ವಾತದ ಪುಡಿ’ಯಿಂದ ಎರಡೇ ದಿನದಲ್ಲಿ ನೋವು ಮಾಯವಾಯಿತೆಂದರೆ ಸಂತೋಷಕ್ಕಿಂತ ಸಂದೇಹವೇ ಹೆಚ್ಚಾಗಬೇಕು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ಪ್ರಯೋಗಶಾಲೆಗಳಲ್ಲಿ ಅನೇಕ ಸಲ ಪತ್ತೆಯಾಗಿದೆ. ಮುಖ ದುಂಡಗೆ ಊದುವುದು, ಸಕ್ಕರೆ ರೋಗ ಕಾಣಿಸಿಕೊಳ್ಳುವುದು, ಕೊನೆಗೆ ಮೂಳೆ ಮುರಿಯುವುದು ಅದರ ಫಲ.

ಬಿಸಿಲ ನಾಡಿನಲ್ಲಿ ಬಿಸಿಲ ಕೊರತೆ

ನಾಲ್ಕನೆಯ ಕಾರಣ ತೀರ ಸಾಮಾನ್ಯವಾದುದು. ಸುಲಭವಾಗಿ ಪರಿಹಾರವಾಗುವಂಥದೂ ಹೌದು. ಅದೇ ‘ಡಿ’ ಅನ್ನಾಂಗದ, ಎಂದರೆ ವಿಟಮಿನ್ ಡಿ ಕೊರತೆ. ಆಹಾರದ ಸುಣ್ಣಾಂಶವನ್ನು ಕರುಳು ಹೀರಿಕೊಳ್ಳಲು ಈ ಅನ್ನಾಂಗ ಬೇಕು. ಅದು ಸಾಲದಾದಾಗ ಹೊಸ ಮೂಳೆಯ ಹಂದರವೇನೋ ಏಳುತ್ತದೆ, ಅದಕ್ಕೆ ಸುಣ್ಣಾಂಶದ ಗಾರೆ ಬೀಳುವುದಿಲ್ಲ. ಮೂಳೆ ಮೆತ್ತಗಾಗುತ್ತದೆ. ನಳಿಗೆಯ ಮೂಳೆ, ಪಕ್ಕೆಲುಬು, ಸೊಂಟ ಇವುಗಳಲ್ಲಿ ಮಂದವಾದ ನೋವು. ಬೆರಳಿನಿಂದ ಒತ್ತಿದರೆ ಹೆಚ್ಚುವ ನೋವು. ಕುಳಿತಲ್ಲಿಂದ ಏಳಲು, ಮೆಟ್ಟಿಲು ಹತ್ತಲು ತೊಡೆಗಳಲ್ಲಿ ಬಲ ಸಾಲದಿರುವುದು: ಇವೇ ಅದರ ಲಕ್ಷಣಗಳು. ನಾವು ಆರಂಭದಲ್ಲಿ ಕಲ್ಪಿಸಿಕೊಂಡ ಗೃಹಿಣಿಯ ಮಾತಿಗೂ ಇದಕ್ಕೂ ಎಷ್ಟು ಹೋಲಿಕೆ!

ಈ ತಾಲೂಕುಗಳಿರುವುದು ಸುಮಾರು 15 ಅಂಶ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಬಿಸಿಲಿಗೆ ಇಲ್ಲಿ ಬರವಿಲ್ಲ. ಚರ್ಮಕ್ಕೆ ಬಿಸಿಲು ತಾಗಿದಾಗ ‘ಡಿ’ ಅನ್ನಾಂಗ ದೇಹದಲ್ಲಿಯೇ ತಯಾರಾಗುತ್ತದೆ. ಹೀಗಿದ್ದೂ ಭಾರತದಲ್ಲಿ ಇದರ ಕೊರತೆ ವ್ಯಾಪಕವಾಗಿದೆ. ಇದಕ್ಕೆ ಉಪಯುಕ್ತವಾದ ಅತಿನೇರಿಳೆ ಕಿರಣಗಳು ಸೂರ್ಯನು ಎತ್ತರದಲ್ಲಿರುವಾಗ ಹೆಚ್ಚು, ಎಳೆಬಿಸಿಲಿನಲ್ಲಿ ಕಡಿಮೆ. ಮೈಯ ಬಹುಭಾಗ ಬಟ್ಟೆಯಿಂದ ಮುಚ್ಚಿರುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಸಂಧಿವಾತದವರಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನೋವಿನಿಂದ ಹೊಲದ ಕೆಲಸ ಬಿಟ್ಟವಳು ಮನೆಯೊಳಗೆ ಉಳಿಯುತ್ತಾಳೆ, ಬಿಸಿಲು ತಪ್ಪುತ್ತದೆ, ಮೂಳೆ ಇನ್ನಷ್ಟು ನೋಯುತ್ತದೆ, ಅವಳು ಇನ್ನಷ್ಟು ಒಳಗುಳಿಯುತ್ತಾಳೆ. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕು. ಒಂದು ರಕ್ತಪರೀಕ್ಷೆಯಿಂದ ಕೊರತೆಯನ್ನು ತಿಳಿಯಬಹುದು, ವೈದ್ಯರ ಅಳತೆಯಂತೆ ಔಷಧದಿಂದ ಅದನ್ನು ತುಂಬಬಹುದು. ಅಳತೆ ಮೀರಿದರೆ ಇದೂ ವಿಷವೇ ಎಂಬುದನ್ನು ಮರೆಯಬಾರದು.

ಆಹಾರದ ಮಾತೂ ಇಲ್ಲಿ ಬರುತ್ತದೆ. ಪ್ರಾಯದವರಿಗೆ ದಿನಕ್ಕೆ 1000 ಮಿಲಿಗ್ರಾಂ ಸುಣ್ಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನೂರು ಗ್ರಾಂ ಜೋಳದಲ್ಲಿ ಸಿಗುವುದು ಮೂವತ್ತು ಮಿಲಿಗ್ರಾಂಗೂ ಕಡಿಮೆ. ಅಷ್ಟೇ ರಾಗಿಯಲ್ಲಿ ಮುನ್ನೂರೈವತ್ತರ ಸುಮಾರು. ರೊಟ್ಟಿಯನ್ನು ಬಿಡಬೇಕಾಗಿಲ್ಲ. ಜೊತೆಗೆ ಹಾಲು, ಮಜ್ಜಿಗೆ, ಎಳ್ಳು, ಒಮ್ಮೊಮ್ಮೆ ರಾಗಿಯ ಅಂಬಲಿ ಇದ್ದರೆ ಲೆಕ್ಕ ಸರಿಹೋಗುತ್ತದೆ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದ್ದರೂ ಮೂಳೆ, ಬೆನ್ನು ನೋಯುತ್ತವೆ, ಬಿಗಿಯುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಅದರ ಮೇಲಿನ ಮಿತಿ. ಆಗಿನ ಮದ್ರಾಸ್ ಪ್ರಾಂತದಲ್ಲಿ ಈ ರೋಗವನ್ನು 1937ರಲ್ಲಿಯೇ ವರ್ಣಿಸಲಾಗಿತ್ತು. ನಮ್ಮ ನೆರೆಯ ಗದಗ ಜಿಲ್ಲೆಯ ಮುಂಡರಗಿ ಕಡೆಯ ಜನರಿಗೆ ಇದು ಪರಿಚಿತ. ಕೊಳವೆಬಾವಿಯ ನೀರು ಕುಡಿಯುವ ಮನೆಯಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳು ಕಂಡರೆ ನೀರನ್ನು ಪರೀಕ್ಷಿಸುವುದು ಒಳ್ಳೆಯದು.

ಕೆರಳಿದ ನರಗಳು

ಉರಿಯೂತ ಅಡಗಿ, ಮೂಳೆ ಗಟ್ಟಿಯಾಗಿದ್ದು, ‘ಡಿ’ ಅನ್ನಾಂಗವೂ ಸಾಕಷ್ಟಿದ್ದು, ಆದರೂ ನೋವು ಉಳಿಯುವುದುಂಟು. ಆಗ ದೋಷವು ನೋವಿನ ಸುದ್ದಿಯನ್ನು ಒಯ್ಯುವ ತಂತಿಗಳಲ್ಲಿಯೇ ಇರಬಹುದು. ತಿಂಗಳುಗಟ್ಟಲೆ ಸುದ್ದಿ ಹೊತ್ತ ನರಮಂಡಲವು ಅತಿಸೂಕ್ಷ್ಮವಾಗುತ್ತದೆ. ಮೊದಲು ನೋವೆನಿಸದ ಸ್ಪರ್ಶವೂ ಈಗ ನೋವಾಗುತ್ತದೆ. ನಿದ್ರೆಗೇಡು, ಚಿಂತೆ, ಆಯಾಸ ಇವು ಅದನ್ನು ಹೆಚ್ಚಿಸುತ್ತವೆ. ಇದು ಕಲ್ಪನೆಯ ನೋವಲ್ಲ, ನಟನೆಯೂ ಅಲ್ಲ. ನರಗಳ ಕಾರ್ಯದಲ್ಲಿ ಆದ ನಿಜವಾದ ಬದಲಾವಣೆ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೆ ಒಂದು ‘ಬಾಗಿಲು’ ಇದೆಯೆಂದು ಪ್ರತಿಪಾದಿಸಿದರು. ಸ್ಪರ್ಶ, ಶಾಖಗಳ ಸುದ್ದಿಯೂ ಮಿದುಳಿನಿಂದ ಇಳಿಯುವ ಆಜ್ಞೆಯೂ ಈ ಬಾಗಿಲನ್ನು ಓರೆಮಾಡಬಲ್ಲವು. ಪೆಟ್ಟು ಬಿದ್ದ ಜಾಗವನ್ನು ನಾವು ತಿಳಿಯದೆಯೇ ಉಜ್ಜಿಕೊಳ್ಳುತ್ತೇವಲ್ಲ, ಅದರ ರಹಸ್ಯ ಇದೇ. ಬಿಸಿನೀರಿನ ಶಾಖ, ಲಘುವಾದ ವ್ಯಾಯಾಮ, ಒಳ್ಳೆಯ ನಿದ್ರೆ ಇವು ನೋವನ್ನು ತಗ್ಗಿಸುವುದಕ್ಕೆ ಹೀಗೆ ಶಾಸ್ತ್ರೀಯವಾದ ಆಧಾರವಿದೆ.

ಹಂದಿಗೋಡಿನ ಪಾಠ

‘ಕಾರಣ ತಿಳಿಯದ ನೋವು’ ಎಂದರೆ ಕಾರಣವಿಲ್ಲದ ನೋವು ಎಂದರ್ಥವಲ್ಲ. ಹಿರೇಕೆರೂರ ತಾಲೂಕನ್ನು ದಾಟಿ ಮಲೆನಾಡಿನ ಕಡೆ ನಡೆದರೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕು ಸಿಗುತ್ತದೆ. ಅಲ್ಲಿಯ ಹಂದಿಗೋಡು ಗ್ರಾಮದ ಕೆಲವು ಬಡ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ನೋವಿನಿಂದ ಜನರು ನಡೆಯಲಾರದಂತಾದ ಸುದ್ದಿ 1970ರ ದಶಕದ ನಡುವಿನಲ್ಲಿ ಹೊರಬಂತು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ಅಲ್ಲಿಯ ಏಡಿ ಮೀನುಗಳ ಮೂಲಕ ದೇಹ ಸೇರಿತೇ ಎಂದು ಮೊದಲು ಸಂದೇಹಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬಂದು ಕುಟುಂಬಗಳನ್ನು ಪರೀಕ್ಷಿಸಿದರು. ಮುಂದಿನ ವರ್ಷಗಳ ಅಧ್ಯಯನಗಳಲ್ಲಿ ವಂಶವೃಕ್ಷಗಳನ್ನೂ ಕ್ಷ-ಕಿರಣ ಚಿತ್ರಗಳನ್ನೂ ಹೋಲಿಸಿದಾಗ ಇದು ಮೂಳೆಗಳ ಬೆಳವಣಿಗೆಯನ್ನೇ ಕೆಡಿಸುವ ವಂಶಾನುಗತ ರೋಗವೆಂದು ಸ್ಪಷ್ಟವಾಯಿತು. ಅದು ಸಂಧಿವಾತವಲ್ಲ. ಆದರೂ ಅದರಿಂದ ನಾವು ಕಲಿಯಬೇಕಾದುದುಂಟು. ನೋಯುವವರ ಮಾತನ್ನು ನಂಬಿ, ಯಾರಿಗೆ, ಎಲ್ಲಿ, ಯಾವಾಗ ಎಂದು ಕ್ರಮವಾಗಿ ಬರೆದುಕೊಂಡುದರಿಂದಲೇ ಆ ಒಗಟು ಬಿಡಿಸಿತು.

ಈ ಕ್ರಮವನ್ನು ಮನೆಯಲ್ಲಿಯೂ ಅನುಸರಿಸಬಹುದು. ಹಿರೇಕೆರೂರಿನವರು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಒಂದು ದಿನದ ಕೂಲಿಯೂ ಹೋಗುತ್ತದೆ. ಅಲ್ಲಿ ವೈದ್ಯರ ಮುಂದೆ ದೊರೆಯುವ ಅವಕಾಶ ಕೆಲವು ನಿಮಿಷ ಮಾತ್ರ. ಆ ನಿಮಿಷಗಳಲ್ಲಿ ‘ಮೈಯೆಲ್ಲ ನೋವು’ ಎಂಬ ಒಂದೇ ಮಾತು ಹೇಳಿದರೆ ಪ್ರಯಾಣವೆಲ್ಲ ವ್ಯರ್ಥವಾದೀತು. ಆದುದರಿಂದ ಹೊರಡುವ ಮುನ್ನ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಬೇಕು: ನೋವು ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿಯೋ, ಅಂಗೈಯಗಲವೋ? ಬೆಳಿಗ್ಗೆ ಹೆಚ್ಚೋ, ರಾತ್ರಿ ಹೆಚ್ಚೋ? ಬಿಗಿತ ಎಷ್ಟು ಹೊತ್ತು? ನಡೆದರೆ ಏರುವುದೋ ಇಳಿಯುವುದೋ? ಅಂದು ಯಾವ ಔಷಧ ತೆಗೆದುಕೊಂಡದ್ದು? ಅಕ್ಷರ ಬಾರದ ಅಜ್ಜಿಗೆ ಮೊಮ್ಮಕ್ಕಳೇ ಬರೆಯಬಹುದು.

ನಿಭಾಯಿಸುವ ಬಗೆ

ಎಚ್ಚರಿಕೆಯ ಚಿಹ್ನೆಗಳನ್ನು ಮೊದಲು ತಿಳಿದಿರಬೇಕು. ಜ್ವರದೊಡನೆ ಒಂದೇ ಕೀಲು ಕೆಂಪಾಗಿ ಬಾಯುವುದು. ಒಂದೇ ಜಾಗದ ಮೂಳೆಯಲ್ಲಿ ಥಟ್ಟನೆ ಹುಟ್ಟಿ ಕಾಲೂರಲು ಬಿಡದ ನೋವು. ರಾತ್ರಿ ನಿದ್ರೆಯಿಂದ ಎಬ್ಬಿಸಿ ದಿನದಿನಕ್ಕೆ ಏರುವ ನೋವು. ಕಾರಣವಿಲ್ಲದೆ ತೂಕ ಇಳಿಯುವುದು. ಕೈಕಾಲು ಜೋಮುಹಿಡಿಯುವುದು, ಮೂತ್ರ ಕಟ್ಟುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ತಿಂಗಳ ಸರದಿಗೆ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಬೆಳಗಿನ ಬಿಗಿತಕ್ಕೆ ಬಿಸಿನೀರಿನಲ್ಲಿ ಕೈಯಿಟ್ಟು ಬೆರಳುಗಳನ್ನು ಮೆಲ್ಲನೆ ಮಡಿಸಿ ಬಿಡಿಸುವುದು ಹಿತಕರ. ಬಿಸಿಯಾಗಿ ಬಾತ ಕೀಲನ್ನು ಬಲವಾಗಿ ತಿಕ್ಕಬಾರದು. ಮೂಳೆಗೆ ನಡಿಗೆಯೇ ಆಹಾರ. ದಿನವೂ ಅಷ್ಟಿಷ್ಟು ನಡೆಯಬೇಕು. ಕೆಲಸವನ್ನು ಒಮ್ಮೆಗೇ ಮುಗಿಸುವ ಹಠ ಬೇಡ. ರೊಟ್ಟಿ ಬಡಿಯುವುದನ್ನು ಮನೆಯವರು ಹಂಚಿಕೊಳ್ಳಬಹುದು. ಕೊಡವನ್ನು ಬೆರಳುಗಳಿಂದ ಎತ್ತುವ ಬದಲು ಎರಡು ಕೈಯಿಂದ ಎದೆಗೊತ್ತಿ ಎತ್ತಬಹುದು, ಅಥವಾ ಅರ್ಧ ಮಾತ್ರ ತುಂಬಬಹುದು. ನೆಲದಿಂದ ಏಳುವುದು ಕಷ್ಟವಾದವರಿಗೆ ಎತ್ತರದ ಮಣೆ, ಶೌಚಕ್ಕೆ ಕುರ್ಚಿಯಂಥ ಆಸನ ಅನುಕೂಲ. ಬೀಡಿ, ಸಿಗರೇಟು ಈ ರೋಗವನ್ನು ಹುಟ್ಟಿಸುವುದಕ್ಕೂ ಹೆಚ್ಚಿಸುವುದಕ್ಕೂ ಸಹಾಯಕವೆಂದು ಸಿದ್ಧಪಟ್ಟಿದೆ.

ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಯನ್ನು ಲಟಕ್ಕೆನಿಸಿಕೊಳ್ಳುವ ಅಭ್ಯಾಸವನ್ನು ಸಂಧಿವಾತದವರು ಸಂಪೂರ್ಣವಾಗಿ ಬಿಡಬೇಕು. ಬಹುಕಾಲದ ರೋಗದಲ್ಲಿ ಕುತ್ತಿಗೆಯ ಮೇಲಿನ ಎರಡು ಮಣಿಗಳ ಕಟ್ಟು ಸಡಿಲವಾಗಿರಬಹುದು. ಹಠಾತ್ತನೆ ತಿರುಚಿದರೆ ಬೆನ್ನುಹುರಿಗೇ ಪೆಟ್ಟು. ನೋವಿನ ಜಾಗಕ್ಕೆ ಬರೆ ಹಾಕಿಸುವುದೂ ಅಪಾಯಕಾರಿ; ಸುಟ್ಟ ಗಾಯದ ಉರಿ ಹಳೆಯ ನೋವನ್ನು ಕೆಲವು ಹೊತ್ತು ಮರೆಸೀತು, ಮೂಳೆಯೊಳಗಿನ ರೋಗವನ್ನು ಅದು ಮುಟ್ಟುವುದಿಲ್ಲ.

ಕೊನೆಗೆ ಒಂದು ಔಷಧದ ಮಾತು. ಈ ರೋಗದಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು ಮೆಥೊಟ್ರೆಕ್ಸೇಟ್. ಇದು ರೂಪುಗೊಂಡದ್ದು ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಾಯಕತ್ವ ವಹಿಸಿದ ಯಲ್ಲಾಪ್ರಗಡ ಸುಬ್ಬರಾಯರ ತಂಡದಿಂದ. ರೋಗದ ಮೂಲವನ್ನೇ ತಡೆದು ಮೂಳೆಯನ್ನು ಉಳಿಸುವ ಈ ಗುಳಿಗೆಯನ್ನು ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಿಳಿಯದೆ ದಿನವೂ ನುಂಗಿ ಪ್ರಾಣ ಕಳೆದುಕೊಂಡವರುಂಟು. ಊರ ಸಂತೆಯ ದಿನವನ್ನೇ ಗುಳಿಗೆಯ ದಿನವೆಂದು ಗೊತ್ತುಮಾಡಿಕೊಂಡರೆ ಮರೆವಿಗೆ ಅವಕಾಶವಿಲ್ಲ. ಗರ್ಭಿಣಿಯರೂ ಗರ್ಭ ಬಯಸುವವರೂ ಇದನ್ನು ತೆಗೆದುಕೊಳ್ಳಬಾರದು. ಆಗಾಗ ರಕ್ತಪರೀಕ್ಷೆ ಅಗತ್ಯ. ನೋವು ಶಮನದ ಸಾಮಾನ್ಯ ಗುಳಿಗೆಗಳನ್ನು ಎರಡು ಮೂರು ಬಗೆ ಬೆರೆಸಿ ನುಂಗಿದರೆ ಜಠರಕ್ಕೆ ಹುಣ್ಣು, ಮೂತ್ರಪಿಂಡಕ್ಕೆ ಹಾನಿ.

ನಮ್ಮ ವಾಚಕರು ವೈದ್ಯರಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಗುಳಿಗೆಯ ಚೀಟಿಯ ಮೇಲೆ ‘ವಾರಕ್ಕೊಮ್ಮೆ’ ಎಂದು ಬರೆದಿದೆಯೋ ‘ದಿನಕ್ಕೊಮ್ಮೆ’ ಎಂದೋ ಎಂಬುದನ್ನು ಓದಿ ಹೇಳಬಲ್ಲವರು ಮನೆಯಲ್ಲಿ ಅವರೇ. ನೋವಿನ ಲೆಕ್ಕವನ್ನು ಬರೆದಿಡಬಲ್ಲವರು, ಹೆಸರಿಲ್ಲದ ಪುಡಿಯ ಪೊಟ್ಟಣವನ್ನು ಸಂದೇಹದಿಂದ ನೋಡಬಲ್ಲವರು, ಆಸ್ಪತ್ರೆಗೆ ಜೊತೆಯಲ್ಲಿ ಹೋಗಬಲ್ಲವರು ಅವರೇ. ‘ಎಲುಬು ನೋಯುತ್ತದೆ’ ಎಂದು ತಾಯಿ ಹೇಳಿದಾಗ, ಅದಕ್ಕೆ ಇರಬಹುದಾದ ಇಷ್ಟೊಂದು ಕಾರಣಗಳಲ್ಲಿ ಯಾವುದೆಂದು ವಿಚಾರಿಸುವುದು ಸಾಧ್ಯ. ಅವುಗಳಲ್ಲಿ ಹಲವಕ್ಕೆ ಪರಿಹಾರವೂ ಉಂಟು. ವಿಚಾರಿಸುವುದಕ್ಕೆ ಮೊದಲು ಆ ಮಾತನ್ನು ನಂಬಬೇಕು, ಅಷ್ಟೆ.